ಅಮೃತ್ ಮಹಲ್ ಗೋ ತಳಿ: ಇತಿಹಾಸ, ಲಕ್ಷಣಗಳು ಮತ್ತು ಉಪಯೋಗ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಬಯಲುಸೀಮೆಯು ಅಮೃತ್ ಮಹಲ್ ಗೋ ತಳಿಯ ಸಂವರ್ಧನೆಗೆ ಹೆಸರಾದ ಪ್ರದೇಶವಾಗಿರುತ್ತದೆ. ಈ ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಗಿ ರೂಪುಗೊಂಡ ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬೀರೂರು ಮತ್ತು ಬಾಸೂರು, ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಇವುಗಳಲ್ಲಿಯೂ ಇದೇ ತಳಿಯ ರಾಸುಗಳನ್ನು ಸರ್ಕಾರದ ವತಿಯಿಂದ ಸಾಕಲಾಗುತ್ತಿದೆ.

ಈ ಕೇಂದ್ರಗಳಿಂದ ಹೋರಿಕರುಗಳನ್ನು ಪಡೆಯಬಯಸುವ ರೈತರಿಗೂ, ತಳಿಯ ಬಗ್ಗೆ ವಿಚಾರಿಸುವ ಸಾರ್ವಜನಿಕರಿಗೂ ಉಪಯುಕ್ತವಾಗುವಂತೆ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಅಮೃತ್ ಮಹಲ್ ಎಂಬ ಹೆಸರನ್ನು ಕೇಳಿದವರು ಇದನ್ನು ಹಾಲಿನ ತಳಿಯೆಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಇದು ನೊಗದ ತಳಿ. ಹೆಸರಿಗೂ ಕೆಲಸಕ್ಕೂ ಇರುವ ಈ ಅಂತರಕ್ಕೆ ಕಾರಣವು ಇತಿಹಾಸದಲ್ಲಿದೆ.

ಇತಿಹಾಸ

ವಿಜಯನಗರದ ಅರಸರ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ಅಧಿಕಾರಿಯು 1572 ಮತ್ತು 1600ರ ನಡುವೆ ವಿಜಯನಗರದಿಂದ ಕೆಲವು ಉತ್ತಮ ಹಸುಗಳನ್ನು ತರಿಸಿಕೊಂಡನೆಂದೂ, ಆ ಹಿಂಡಿಗೆ ‘ಕರುಹಟ್ಟಿ’ ಎಂಬ ಹೆಸರಿತ್ತೆಂದೂ ತಿಳಿದುಬರುತ್ತದೆ. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾದಾಗ ಈ ಹಿಂಡೂ ಮೈಸೂರು ಅರಸರ ಕೈಸೇರಿತು. ಬಳಿಕ ಚಾಮರಾಜ ಒಡೆಯರು ಮತ್ತು ಕಂಠೀರವ ನರಸರಾಜ ಒಡೆಯರು ಹೊಸ ರಾಸುಗಳನ್ನು ಸೇರಿಸಿ, ಅವುಗಳ ಮೇವಿಗೆಂದು ರಾಜ್ಯದ ಬೇರೆ ಬೇರೆ ಕಡೆಗಳಲ್ಲಿ ಹುಲ್ಲುಗಾವಲುಗಳನ್ನು ಮೀಸಲಿರಿಸಿದರು. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿ ‘ಅಠಾರಾ ಕಛೇರಿ’ಯನ್ನು ಸ್ಥಾಪಿಸಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಈ ಹಿಂಡುಗಳ ಉಸ್ತುವಾರಿಗೂ ಒಂದು ಪ್ರತ್ಯೇಕ ಚಾವಡಿ ಏರ್ಪಟ್ಟಿತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಹೊಣೆಯಾಗಿದ್ದುದರಿಂದ ಅದಕ್ಕೆ ‘ಬೆಣ್ಣೆ ಚಾವಡಿ’ ಎಂಬ ಹೆಸರು ಬಂದಿತು.

ಬೆಣ್ಣೆಗಾಗಿ ಹುಟ್ಟಿದ ಚಾವಡಿಯು ಸೈನ್ಯದ ಬೆನ್ನೆಲುಬಾದದ್ದು ಹೈದರ್ ಅಲಿಯ ಕಾಲದಲ್ಲಿ. ಪಾಳೆಯಗಾರರನ್ನು ಗೆದ್ದಂತೆಲ್ಲ ಅವರ ಹಿಂಡುಗಳೂ ಹೈದರನ ವಶಕ್ಕೆ ಬಂದವು. ತೋಪು, ಮದ್ದುಗುಂಡು, ದವಸಧಾನ್ಯಗಳನ್ನು ಸಾಗಿಸಲು ಆತನಲ್ಲಿ 60,000 ಎತ್ತುಗಳಿದ್ದವೆಂಬ ಹೇಳಿಕೆಯಿದೆ. ಅವನ ಮಗ ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಯ ಹೆಸರನ್ನು ‘ಅಮೃತ್ ಮಹಲ್’ ಎಂದು ಬದಲಿಸಿದನು. ಹಿಂಡುಗಳನ್ನು ಹೇಗೆ ಕಾಯಬೇಕು, ಎಣಿಸಬೇಕು, ಎತ್ತುಗಳನ್ನು ಹೇಗೆ ಪಳಗಿಸಬೇಕು ಎಂಬ ಬಗ್ಗೆ ಹುಕುಂನಾಮೆಯನ್ನೇ ಹೊರಡಿಸಿದನು. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಹಿಂಡುಗಳ ತಪಾಸಣೆಗೆ ತಾನೇ ಹಾಜರಾಗಿ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದನೆಂದು ತಿಳಿದುಬರುತ್ತದೆ. ಗೋಪಾಲಕರ ಮೇಲೆ ಸೇರ್ವೇಗಾರರು, ಅವರ ಮೇಲೆ ದರೋಗರು ಹೀಗೆ ಇಲಾಖೆಯೊಂದರ ಸಕಲ ವ್ಯವಸ್ಥೆಯೂ ಇದಕ್ಕಿತ್ತು. ಹೆಸರು ಬದಲಾದರೂ ಹಾಲಿನ ಸುಳಿವು ಅದರಲ್ಲಿ ಉಳಿಯಿತು. ಆ ವೇಳೆಗೆ ಎತ್ತುಗಳು ಮಾತ್ರ ಸಂಪೂರ್ಣವಾಗಿ ದಂಡಿನ ಎತ್ತುಗಳಾಗಿದ್ದವು.

ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು, ಟಿಪ್ಪುವು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಿನಲ್ಲಿ ಪರ್ಯಾಯ ದ್ವೀಪವನ್ನು ಅಡ್ಡಲಾಗಿ ದಾಟಿದ್ದು, ಜನರಲ್ ಮೆಡೋಸನ ಸೈನ್ಯದೆದುರು ಎರಡು ದಿನಗಳಲ್ಲಿ 63 ಮೈಲಿ ನಡೆದದ್ದು ಇವೆಲ್ಲವೂ ಈ ಎತ್ತುಗಳಿಂದಲೇ ಸಾಧ್ಯವಾಯಿತೆಂದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಸೋತ ದಿನವೂ ತೋಪುಗಳನ್ನು ಶತ್ರುವಿನ ಕಣ್ಣೆದುರಿನಿಂದಲೇ ಎಳೆದೊಯ್ಯಬಲ್ಲ ಎತ್ತುಗಳು ಯಾವ ಸೇನಾಪತಿಗೆ ಬೇಡ? 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ನಂತರ ಬ್ರಿಟಿಷರೂ ಇವನ್ನು ಬಿಟ್ಟುಕೊಡಲಿಲ್ಲ. ಮುಂದೆ ವೆಲಿಂಗ್‌ಟನ್ ಡ್ಯೂಕ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ದಖನ್ನಿನ ಯುದ್ಧಗಳಲ್ಲಿ ಇವುಗಳನ್ನೇ ಅವಲಂಬಿಸಿದ್ದನು.

ಪ್ರಾರಂಭದಲ್ಲಿ ಹಿಂಡುಗಳ ಮೇಲ್ವಿಚಾರಣೆಯನ್ನು ಮೈಸೂರು ಸರ್ಕಾರಕ್ಕೆ ವಹಿಸಲಾಗಿತ್ತು. ಆದರೆ ರಾಸುಗಳ ಸ್ಥಿತಿ ಕ್ಷೀಣಿಸಿದ್ದರಿಂದ 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯು ಅವನ್ನು ವಹಿಸಿಕೊಂಡಿತು. ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಕೆಳಗೆ ಹಿಂಡುಗಳು ಚೇತರಿಸಿಕೊಂಡವು.

ನಂತರ ನಡೆದುದು ಯಾವುದೇ ಲೆಕ್ಕಪತ್ರ ಶಾಖೆಯವರು ಗಮನಿಸತಕ್ಕ ಸಂಗತಿ. 1860ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಅವರು ವೆಚ್ಚ ತಗ್ಗಿಸುವ ಉದ್ದೇಶದಿಂದ ಇಡೀ ಸಂಸ್ಥೆಯನ್ನು ವಿಸರ್ಜಿಸಿ ರಾಸುಗಳನ್ನು ಮಾರಾಟ ಮಾಡಿಸಿದರು. ಮಾರಾಟದ ಹಣ ಜಮೆಯಾಯಿತು, ವಾರ್ಷಿಕ ಖರ್ಚು ನಿಂತಿತು, ಪುಸ್ತಕದಲ್ಲಿ ಉಳಿತಾಯವೂ ಕಂಡಿತು. ಆದರೆ ಸೈನ್ಯಕ್ಕೆ ಬೇಕಾದ ಎತ್ತುಗಳು ಬಜಾರಿನಲ್ಲಿ ಸಿಗದಂತಾಗಿ, ಆರೇ ವರ್ಷಗಳಲ್ಲಿ, ಅಂದರೆ 1866ರಲ್ಲಿ, ಸಂಸ್ಥೆಯನ್ನು ಮತ್ತೆ ಆರಂಭಿಸಬೇಕಾಯಿತು. ಚದುರಿಹೋದ ರಾಸುಗಳನ್ನು ಊರೂರು ಹುಡುಕಿ ಕೊಂಡು ತರಬೇಕಾಯಿತು. ಮೊದಲಿದ್ದ ಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ ಎಂಬ ಮೂರು ಬಗೆಯ ರಾಸುಗಳಿದ್ದು, ಸುಮಾರು 1860ರವರೆಗೂ ಅವುಗಳನ್ನು ಬೇರೆ ಬೇರೆಯಾಗಿಯೇ ಕಾಪಾಡಿಕೊಂಡು ಬರಲಾಗಿತ್ತು. ಮರುಸ್ಥಾಪನೆಯ ನಂತರ ಆ ಭೇದವು ಉಳಿಯಲಿಲ್ಲ. ಇಂದು ಅಮೃತ್ ಮಹಲ್ ಎಂದು ಕರೆಯುವ ತಳಿಯು ಈ ಮೂರರ ಬೆರಕೆಯಿಂದ ಮೂಡಿ ನಿಂತುದಾಗಿದೆ. ದುಡ್ಡು ಕೊಟ್ಟು ಹಿಂಡನ್ನು ಮರಳಿ ಪಡೆಯಬಹುದು, ಕಳೆದುಹೋದ ವಂಶಾವಳಿಯನ್ನು ಪಡೆಯಲಾಗದು.

1881ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ ಮರುವರ್ಷವೇ, 1882ರಲ್ಲಿ, ಮೈಸೂರು ಸರ್ಕಾರವು ಅಮೃತ್ ಮಹಲ್ ಹಿಂಡನ್ನು ಮದರಾಸು ಸರ್ಕಾರದಿಂದ ಖರೀದಿಸಿತು. 20ನೇ ಶತಮಾನದ ಪೂರ್ವಾರ್ಧದಲ್ಲಿ ದಂಡಿನ ಅಗತ್ಯ ಮುಗಿದು, ತಳಿಯ ಉಸ್ತುವಾರಿಯು ಕೃಷಿ ಮತ್ತು ಪಶುಸಂಗೋಪನೆಯ ಆಡಳಿತಕ್ಕೆ ಬಂದಿತು. ಅಜ್ಜಂಪುರವು ಅದರ ಮುಖ್ಯ ನೆಲೆಯಾಯಿತು.

ಕಾವಲುಗಳು

ಈ ತಳಿಯನ್ನು ಅದರ ಕಾವಲುಗಳಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲು ಬರುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ, ಗೋದಲಿಗೆ ಮೇವು ಹಾಕಿ ಬೆಳೆಸಿದ ದನ ಇದಲ್ಲ. ಇದು ಹುಲ್ಲುಗಾವಲಿನಲ್ಲಿ ಹುಟ್ಟಿ, ಹುಲ್ಲುಗಾವಲಿನಲ್ಲಿಯೇ ಬೆಳೆದು, ಋತುವಿಗೆ ತಕ್ಕಂತೆ ನೆಲೆ ಬದಲಿಸುತ್ತ ನಡೆದ ದನ.

ಅಮೃತ್ ಮಹಲ್ ಕಾವಲುಗಳು ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದವು. ಇವುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು ಮತ್ತು ಚಳಿಗಾಲದ ಕಾವಲು ಎಂದು ಮೂರು ವಿಧವಾಗಿ ವಿಂಗಡಿಸಲಾಗಿತ್ತು. ಬೇಸಿಗೆಯ ಕಾವಲುಗಳು ಹೆಚ್ಚಾಗಿ ಕೆರೆಯಂಗಳಗಳಲ್ಲಿದ್ದು, ನೀರು ಇಳಿದಂತೆಲ್ಲ ಹಸಿರು ಹುಲ್ಲು ಚಿಗುರುತ್ತಿತ್ತು. ಮರಗಳ ನೆರಳೂ ದೊರೆಯುತ್ತಿತ್ತು. ಮಳೆಗಾಲದ ಕಾವಲುಗಳಲ್ಲಿ ಮುಂಗಾರು ಬಿದ್ದೊಡನೆ ಹುಲ್ಲು ಏಳುತ್ತಿತ್ತು. ಹಳ್ಳಕೊಳ್ಳಗಳಲ್ಲಿ ಕುಡಿಯುವ ನೀರೂ ಇರುತ್ತಿತ್ತು. ಮಳೆ ಹಿಂದೆ ಸರಿದ ಮೇಲೆ, ವರ್ಷದ ಕೊನೆಯವರೆಗೂ ಚಳಿಗಾಲದ ಕಾವಲುಗಳು ಆಧಾರವಾಗಿದ್ದವು.

ಇದರಲ್ಲಿ ಅಡಗಿದ್ದ ಜಾಣ್ಮೆಯೆಂದರೆ, ಹಿಂಡು ಒಂದು ಕಾವಲಿನಲ್ಲಿ ಮೇಯುವಾಗ ಉಳಿದೆರಡು ಕಾವಲುಗಳಿಗೆ ವಿಶ್ರಾಂತಿ ದೊರೆಯುತ್ತಿತ್ತು. ಹುಲ್ಲು ತೆನೆಗಟ್ಟಿ, ಬೀಜ ಉದುರಿಸಿ, ಮುಂದಿನ ವರ್ಷಕ್ಕೆ ಸಜ್ಜಾಗುತ್ತಿತ್ತು. ಮೂರರಲ್ಲಿ ಒಂದು ಕಾವಲು ಕೈತಪ್ಪಿದರೆ ನಷ್ಟವು ಮೂರರಲ್ಲಿ ಒಂದು ಪಾಲಿಗೆ ನಿಲ್ಲುವುದಿಲ್ಲ. ಮಿಕ್ಕ ಎರಡರ ಮೇಲೂ ವರ್ಷವಿಡೀ ಗೊರಸು ಬಿದ್ದು ಅವೂ ಬರಡಾಗುತ್ತವೆ. ಕಾವಲಿನಿಂದ ಕಾವಲಿಗೆ ನಡೆದೇ ಸಾಗಬೇಕಾಗಿದ್ದುದರಿಂದ ರಾಸುಗಳ ಕಾಲು ಗಟ್ಟಿಯಾಯಿತು. ನಡೆಯಲಾರದ ರಾಸು ಹಿಂಡಿನಲ್ಲಿ ಉಳಿಯುತ್ತಿರಲಿಲ್ಲ. ತಳಿಯ ಗುಣಗಳೆಂದು ಮುಂದೆ ವಿವರಿಸಿರುವ ಅನೇಕ ಸಂಗತಿಗಳು ಈ ನಡಿಗೆಯ ಫಲಗಳೇ ಆಗಿವೆ.

ಕಡೂರು, ತರೀಕೆರೆ ಭಾಗವು ಇದಕ್ಕೆ ಒದಗಿಬಂದುದು ಆಕಸ್ಮಿಕವಲ್ಲ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿ ಶ್ರೇಣಿಯು ಮುಂಗಾರಿನ ಬಹುಪಾಲನ್ನು ತಡೆಯುತ್ತದೆ. ಶ್ರೇಣಿಯ ಆಚೆಗೆ ಕಾಫಿ, ಅಡಿಕೆ ಬೆಳೆದರೆ, ಈಚೆಗಿನ ಬಯಲಿನಲ್ಲಿ ಬೀಳುವ ಮಳೆಯು ದಟ್ಟ ಕಾಡಿಗೆ ಸಾಲದು, ಹುಲ್ಲಿಗೆ ಸಾಕು. ಬೆಟ್ಟದಿಂದ ಇಳಿದ ನೀರು ಮದಗದಕೆರೆ, ಅಯ್ಯನಕೆರೆಯಂತಹ ದೊಡ್ಡ ಕೆರೆಗಳನ್ನು ತುಂಬುತ್ತದೆ. ಹುಲ್ಲು, ನೀರು, ಒಣ ಹವೆ ಈ ಮೂರೂ ಒಂದೆಡೆ ಇರುವ ಇಂತಹ ಸೀಮೆಯಲ್ಲಿ ದನಗಳು ಕಾಲುಕೊಳೆ ಮುಂತಾದ ತೇವದ ಕಾಯಿಲೆಗಳಿಂದ ಬಹುಮಟ್ಟಿಗೆ ದೂರವಿರುತ್ತವೆ.

ಕಾವಲುಗಳ ವಿಸ್ತೀರ್ಣವು ಕಳೆದ ಶತಮಾನದುದ್ದಕ್ಕೂ ಕುಗ್ಗುತ್ತ ಬಂದಿದೆ. ಸಾಗುವಳಿಗೆ, ಪುನರ್ವಸತಿಗೆ, ನೆಡುತೋಪಿಗೆ, ಸಾರ್ವಜನಿಕ ಉದ್ದೇಶಗಳಿಗೆ ಜಮೀನು ಹೋಗಿದೆ, ಒತ್ತುವರಿಯೂ ಆಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತ್ ಮಹಲ್ ಕಾವಲನ್ನು ರಕ್ಷಣಾ ಮತ್ತು ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಿಕೆ ಮಾಡಿದ ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ, 2014ರಲ್ಲಿ ಅಲ್ಲಿ ತೀರ್ಪಾಯಿತು. ಉಳಿದ ಕಾವಲುಗಳನ್ನು ‘ಪಾಳು ಭೂಮಿ’ ಎಂದು ಕರೆಯುವ ರೂಢಿಯು ಇನ್ನೂ ಹೋಗಿಲ್ಲವೆಂಬುದು ವಿಷಾದನೀಯ. ಹುಲ್ಲು ಬೆಳೆಯುವ ನೆಲ ಪಾಳಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿರುವುದರಿಂದ ಅದನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದನ ಮೇಯುವ ಹುಲ್ಲಿನಲ್ಲಿಯೇ ಜಿಂಕೆಯೂ ಮೇಯುತ್ತದೆ. ತೋಳ, ನರಿಗಳೂ ಅಲ್ಲಿಯೇ ನೆಲೆ ಕಂಡಿವೆ.

ಪಹಣಿಯಲ್ಲಿ ‘ಅಮೃತ್ ಮಹಲ್ ಕಾವಲು’ ಎಂದು ನಮೂದಾಗಿರುವ ಸರ್ವೆ ನಂಬರುಗಳ ಜಮೀನನ್ನು ಖಾಸಗಿಯವರು ಮಾರುವುದಾಗಿ ಹೇಳಿದಲ್ಲಿ, ಸಾರ್ವಜನಿಕರು ಹಣ ಪಾವತಿಸುವ ಮುನ್ನ ಸಂಬಂಧಪಟ್ಟ ತಹಶೀಲ್ದಾರರ ಕಛೇರಿಯಲ್ಲಿ ಮೂಲ ದಾಖಲೆಗಳನ್ನು ಕಡ್ಡಾಯವಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

ತಳಿಯ ಲಕ್ಷಣಗಳು

ಅಮೃತ್ ಮಹಲ್ ರಾಸುಗಳು ಸಾಮಾನ್ಯವಾಗಿ ಬೂದು ಬಣ್ಣದವು. ಬಹುತೇಕ ಬಿಳುಪಿನಿಂದ ಹಿಡಿದು ಕಪ್ಪಿಗೆ ಸಮೀಪದ ಬೂದಿನವರೆಗೂ ಛಾಯೆಗಳಿವೆ. ಹೋರಿಗಳಲ್ಲಿ ಕತ್ತು, ಭುಜ, ಹಿಂಭಾಗಗಳು ಹೆಚ್ಚು ಕಪ್ಪಾಗಿರುತ್ತವೆ. ಕೆಲವು ರಾಸುಗಳ ಮುಖ ಮತ್ತು ಗಂಗೆದೊಗಲಿನ ಮೇಲೆ ಬಿಳಿಬೂದು ಗುರುತುಗಳಿರುತ್ತವೆ. ತಲೆಯು ಉದ್ದವಾಗಿದ್ದು ಮೂತಿಯ ಕಡೆಗೆ ಕಿರಿದಾಗುತ್ತದೆ. ಹಣೆ ಕಿರಿದಾಗಿ, ಸ್ವಲ್ಪ ಉಬ್ಬಿದ್ದು, ನಡುವೆ ಒಂದು ಗೀರಿನಂತಹ ತಗ್ಗು ಇರುತ್ತದೆ.

ತಳಿಯನ್ನು ದೂರದಿಂದಲೇ ಗುರುತಿಸಲು ನೆರವಾಗುವುದು ಕೊಂಬು. ಎರಡೂ ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ತೀರ ಸಮೀಪದಿಂದ ಹೊರಟು, ಹಿಂದಕ್ಕೆ ಬಾಗಿ, ಮೇಲೆದ್ದು, ಚೂಪಾದ ಕಪ್ಪು ತುದಿಗಳಲ್ಲಿ ಕೊನೆಗೊಳ್ಳುತ್ತವೆ. ವಯಸ್ಸಾದ ರಾಸುಗಳಲ್ಲಿ ತುದಿಗಳು ಒಂದನ್ನೊಂದು ಹಾಯ್ದುಹೋಗುವುದೂ ಉಂಟು. ಕಿವಿಗಳು ಚಿಕ್ಕವು, ಮೊನಚಾದವು. ಒಳಭಾಗ ಹಳದಿ ಛಾಯೆಯದು. ಗಂಗೆದೊಗಲು ಜೋಲಾಡುವಷ್ಟು ದೊಡ್ಡದಲ್ಲ. ಹಿಣಿಲು ಹೋರಿಗಳಲ್ಲಿ ಚೆನ್ನಾಗಿ ಬೆಳೆದಿರುತ್ತದೆ. ಚರ್ಮ ತೆಳು, ಕೂದಲು ಗಿಡ್ಡ ಮತ್ತು ಹೊಳಪುಳ್ಳದ್ದು. ಗೊರಸುಗಳು ಚಿಕ್ಕವಾಗಿ, ಕಪ್ಪಾಗಿ, ಗಟ್ಟಿಯಾಗಿ, ಸೀಳು ಕೂಡಿಕೊಂಡಂತಿರುತ್ತವೆ. ಕಲ್ಲುನೆಲದ ಮೇಲೆ ದಿನವಿಡೀ ನಡೆಯುವ ರಾಸಿಗೆ ಇದಕ್ಕಿಂತ ಬೇಕಾದ ಅಂಗ ಇನ್ನೊಂದಿಲ್ಲ.

ಹಳ್ಳಿಕಾರ್ ತಳಿಗೂ ಇದಕ್ಕೂ ರಕ್ತಸಂಬಂಧವಿರುವುದರಿಂದ ನೋಟದಲ್ಲಿ ಹೋಲಿಕೆ ಹೆಚ್ಚು. ಸಂತೆಯಲ್ಲಿ ಅಮೃತ್ ಮಹಲ್ ಎಂದು ಹೇಳಿ ಹಳ್ಳಿಕಾರ್ ರಾಸನ್ನು ಮಾರಿದರೆ ಅನುಭವಿಗಳೂ ಒಮ್ಮೊಮ್ಮೆ ಗುರುತಿಸಲಾರರು. ಎರಡೂ ಉತ್ತಮ ತಳಿಗಳೇ ಆದ್ದರಿಂದ ಉಳುಮೆ ಮಾಡುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ತಳಿ ಅಭಿವೃದ್ಧಿಗೆಂದು ಬೀಜದ ಹೋರಿಯನ್ನು ಕೊಳ್ಳುವವರು ಸರ್ಕಾರಿ ಕೇಂದ್ರದ ದಾಖಲೆಯುಳ್ಳ ರಾಸನ್ನೇ ಆರಿಸಿಕೊಳ್ಳುವುದು ಸೂಕ್ತ.

ಸ್ವಭಾವದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಈ ರಾಸುಗಳು ಚುರುಕು, ರೋಷ ಮತ್ತು ಸಂಶಯ ಮೂರನ್ನೂ ಹೊತ್ತು ಹುಟ್ಟಿದವು. ಕಾಯುವವನ ದನಿಗೆ ಓಗೊಡುವ ಹಿಂಡು, ಹೊಸಬರು ಹತ್ತಿರ ಬಂದರೆ ಒಟ್ಟಾಗಿ ತಲೆಯೆತ್ತಿ ನಿಲ್ಲುತ್ತದೆ. ಕೇಂದ್ರಗಳಿಗೆ ಭೇಟಿ ನೀಡುವವರು ಸಿಬ್ಬಂದಿಯ ಜೊತೆಯಿಲ್ಲದೆ ಹಿಂಡಿನ ಬಳಿ ಹೋಗಬಾರದು, ಛಾಯಾಚಿತ್ರಕ್ಕಾಗಿ ಕರುವಿನ ಸಮೀಪಕ್ಕಂತೂ ಸರ್ವಥಾ ಹೋಗಬಾರದು.

ಉಪಯೋಗ

ಉಳುಮೆ, ಕುಂಟೆ, ಕೂರಿಗೆ, ಗಾಡಿ ಇವು ಈ ಎತ್ತುಗಳ ಕೆಲಸ. ಅತಿ ಭಾರವನ್ನು ನಿಧಾನವಾಗಿ ಎಳೆಯುವುದಕ್ಕಿಂತ, ಹದವಾದ ಭಾರವನ್ನು ವೇಗವಾಗಿ, ಬಹಳ ಹೊತ್ತು ಎಳೆಯುವುದರಲ್ಲಿ ಇವುಗಳ ಹೆಚ್ಚುಗಾರಿಕೆಯಿದೆ. ಮೈ ದೊಡ್ಡದಲ್ಲ, ದಮ್ಮು ದೊಡ್ಡದು. ಒಣ ಮೇವು ತಿಂದು, ಬಿಸಿಲು ತಾಳಿ, ಬರಗಾಲದಲ್ಲಿಯೂ ಕಸುವು ಉಳಿಸಿಕೊಳ್ಳುವ ಗುಣವು ಬಯಲುಸೀಮೆಯ ಸಣ್ಣ ಹಿಡುವಳಿದಾರರಿಗೆ ಮುಖ್ಯವಾದುದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳ ಬೇಡಿಕೆ ಒಟ್ಟಾರೆ ಕಡಿಮೆಯಾಗಿದೆ. ಆದರೂ ಸಾಲಿನ ನಡುವೆ ಎಡೆಕುಂಟೆ ಹೊಡೆಯಲು, ಮುಂಗಾರಿನಲ್ಲಿ ಹದ ಕಂಡೊಡನೆ ಬಾಡಿಗೆಗೆ ಕಾಯದೆ ಬಿತ್ತಲು ಸ್ವಂತ ಜೋಡಿ ಇದ್ದವರಿಗೆ ಇರುವ ಅನುಕೂಲ ಬೇರೆ.

ಹಾಲಿನ ವಿಷಯದಲ್ಲಿ ಅರ್ಜಿದಾರರು ನಿರಾಶರಾಗುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು. ಅಮೃತ್ ಮಹಲ್ ಹಸುವು ಒಂದು ಸೂಲಿನಲ್ಲಿ ಸರಾಸರಿ 500ರಿಂದ 600 ಕಿಲೋಗ್ರಾಂ ಹಾಲು ಕೊಡುತ್ತದೆ. ದಿನದ ಲೆಕ್ಕದಲ್ಲಿ ಇದು ಎರಡು ಲೀಟರಿನ ಆಸುಪಾಸು. ಕರು ಬಳಿಯಲ್ಲಿಲ್ಲದಿದ್ದರೆ ಹಸು ಸೊರೆ ಬಿಡುವುದೇ ಕಷ್ಟ. ಕಾವಲಿನ ಹಿಂಡುಗಳಲ್ಲಿ ಹಾಲನ್ನು ಬಹುಮಟ್ಟಿಗೆ ಕರುವಿಗೇ ಬಿಡಲಾಗುತ್ತದೆ. ಹೋರಿಕರುಗಳ ಮೈಕಟ್ಟಿಗೆ ಅದೂ ಒಂದು ಕಾರಣ. ದೇಸಿ ಹಸುವಿನ ಹಾಲನ್ನು ಮಾರಿ ಸಂಸಾರ ನಡೆಸುವ ಯೋಜನೆಯುಳ್ಳವರು ಗಿರ್, ಸಾಹಿವಾಲ್‌ನಂತಹ ಹೈನು ತಳಿಗಳ ಬಗ್ಗೆ ವಿಚಾರಿಸುವುದು ಒಳಿತು. ಹೈನುಗಾರಿಕೆಗೆ ಸಾಲ ಪಡೆದು ಈ ತಳಿಯ ಹಸುವನ್ನು ಕಟ್ಟಿದರೆ ಕಂತು ಕಟ್ಟುವುದು ಕಷ್ಟವಾಗುತ್ತದೆ, ದೋಷವು ಹಸುವಿನದಲ್ಲ.

ಹೋರಿಕರುಗಳ ಹರಾಜು

ಸರ್ಕಾರಿ ಹಿಂಡುಗಳಲ್ಲಿ ಹುಟ್ಟಿದ ಹೆಣ್ಣುಕರುಗಳನ್ನು ತಳಿಯ ಮುಂದುವರಿಕೆಗಾಗಿ ಉಳಿಸಿಕೊಂಡು, ಬೀಜಕ್ಕೆ ಆರಿಸಿದವನ್ನು ಬಿಟ್ಟು ಉಳಿದ ಹೋರಿಕರುಗಳನ್ನು ಬಹಿರಂಗ ಹರಾಜಿನಲ್ಲಿ ವಿಲೇವಾರಿ ಮಾಡುವ ಪದ್ಧತಿಯಿದೆ. ಬೀರೂರಿನಲ್ಲಿ ನಡೆಯುವ ಹರಾಜು ಹೆಸರಾದುದು. ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ. ಉತ್ತಮ ಜೋಡಿಗಳು ಲಕ್ಷ ರೂಪಾಯಿಗೂ ಮೀರಿದ ಬೆಲೆಗೆ ಹೋಗುವುದುಂಟು. ಹರಾಜಿನ ದಿನಾಂಕ, ಠೇವಣಿ, ಹಾಜರುಪಡಿಸಬೇಕಾದ ದಾಖಲೆ ಮತ್ತು ಇತರ ಷರತ್ತುಗಳು ಆಯಾ ವರ್ಷದ ಹರಾಜು ಪ್ರಕಟಣೆಯಲ್ಲಿರುತ್ತವೆ. ಕಳೆದ ವರ್ಷದ ಷರತ್ತುಗಳನ್ನೇ ನಂಬಿ ಬರಬಾರದು. ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿರುವುದಿಲ್ಲ.

ಬಿಡ್ ಕೂಗುವವರು ಒಂದು ಅಂಶವನ್ನು ಮನಸ್ಸಿನಲ್ಲಿಡತಕ್ಕದ್ದು. ಈ ಕರುಗಳು ಅಂದಿನವರೆಗೂ ಕಾವಲಿನಲ್ಲಿ ಬಿಡುಬೀಸಾಗಿ ಬೆಳೆದವು, ಹಗ್ಗವನ್ನೇ ಕಂಡಿರುವುದಿಲ್ಲ. ದೊಡ್ಡಿಯಿಂದ ಹಿಡಿದು ವಾಹನಕ್ಕೆ ಏರಿಸಲು ಗಟ್ಟಿ ಹಗ್ಗಗಳೂ, ದನಗಳ ಅನುಭವವುಳ್ಳ ನಾಲ್ಕೈದು ಆಳುಗಳೂ ಬೇಕು. ಹರಾಜಿನ ಮೊತ್ತವನ್ನಷ್ಟೇ ಹೊಂದಿಸಿಕೊಂಡು ಒಬ್ಬರೇ ಬಂದವರು ಫಜೀತಿಗೊಳಗಾಗುತ್ತಾರೆ. ವಾಹನದಲ್ಲಿ ಕಿಕ್ಕಿರಿದು ತುಂಬದೆ, ಕೆಳಗೆ ಹುಲ್ಲು ಅಥವಾ ಮರಳು ಹಾಸಿ, ನಿಯಮಾನುಸಾರ ಇರಬೇಕಾದ ಸಾಗಾಣಿಕೆ ದಾಖಲೆಗಳನ್ನು ಮತ್ತು ಹರಾಜಿನ ರಸೀದಿಯನ್ನು ಜೊತೆಯಲ್ಲಿಟ್ಟುಕೊಂಡು ಒಯ್ಯತಕ್ಕದ್ದು.

ಊರಿಗೆ ಒಯ್ದ ಮೇಲೆ ಮೊದಲ ಕೆಲವು ವಾರ ಕರುಗಳನ್ನು ಜೋಡಿಯಾಗಿಯೇ ಕಟ್ಟಬೇಕು. ಒಂಟಿಯಾಗಿ ಕಟ್ಟಿದ ಕರು ಮೇವು ಬಿಡುವ ಸಂಭವವಿದೆ. ಮೇವು, ನೀರನ್ನು ದಿನವೂ ಒಬ್ಬರೇ ಕೊಟ್ಟರೆ ನಂಬಿಕೆ ಬೇಗ ಹುಟ್ಟುತ್ತದೆ. ಮೂಗುದಾರ ಹಾಕುವ ಮುನ್ನ ಕಣ್ಣಿ ಹಗ್ಗಕ್ಕೆ ಒಗ್ಗಿಸಿ, ಮೈ ತಿಕ್ಕಿ, ಹೆಗಲಿಗೆ ಕೈಯ ಸ್ಪರ್ಶವನ್ನು ಪರಿಚಯಿಸಿ, ವಯಸ್ಸು ತುಂಬಿದ ಮೇಲೆ ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡುವುದು ಅನುಭವಿ ರೈತರ ರೂಢಿ. ಬಾರುಕೋಲಿನಿಂದ ಬಗ್ಗಿಸಲು ಹೋದರೆ ಈ ತಳಿಯ ಕರು ಬಗ್ಗುವುದಿಲ್ಲ, ಕೆಡುತ್ತದೆ. ಒಮ್ಮೆ ಕೆಟ್ಟ ಎತ್ತನ್ನು ಸರಿಪಡಿಸುವುದು ಹೊಸದನ್ನು ಪಳಗಿಸುವುದಕ್ಕಿಂತ ಕಠಿಣ.

ಕರುಗಳಿಗೆ ಕಿವಿಯೋಲೆಯ ಸಂಖ್ಯೆ ಇದೆಯೇ ಎಂಬುದನ್ನು ಖರೀದಿಯ ಸಮಯದಲ್ಲಿಯೇ ಖಚಿತಪಡಿಸಿಕೊಂಡು, ಸದರಿ ಸಂಖ್ಯೆಯನ್ನು ರಸೀದಿಯೊಂದಿಗೆ ತಾಳೆ ನೋಡತಕ್ಕದ್ದು. ಕಾಲುಬಾಯಿ ರೋಗದ ಲಸಿಕೆಯ ವಿವರವನ್ನು ಕೇಂದ್ರದಲ್ಲಿ ಕೇಳಿ ಬರೆದುಕೊಂಡು, ಊರು ತಲುಪಿದ ಕೂಡಲೇ ಸ್ಥಳೀಯ ಪಶು ಚಿಕಿತ್ಸಾಲಯದಲ್ಲಿ ಮುಂದಿನ ಲಸಿಕೆಗೆ ಹೆಸರು ನೋಂದಾಯಿಸಬೇಕು. ತುರ್ತು ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಯನ್ನು ಪಡೆಯಬಹುದು. ಹಳೆಯ ಹಸುಗಳಿಗೆ ಅಮೃತ್ ಮಹಲ್ ಹೋರಿಯ ಕೃತಕ ಗರ್ಭಧಾರಣೆ ಮಾಡಿಸಬಯಸುವವರು ವೀರ್ಯನಳಿಕೆಯ ಲಭ್ಯತೆಯನ್ನು ತಮ್ಮ ವ್ಯಾಪ್ತಿಯ ಪಶುವೈದ್ಯಾಧಿಕಾರಿಗಳಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.